ಎಣಿಸಲು ಕಲಿಸಿದ ತಿಗಣೆ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಆಲೆನ್‌ಟೌನ್ ಅಂತ ಒಂದು ನಗರವಿದೆ. 1990ರ ದಶಕದ ಕೊನೆಯಲ್ಲಿ ಅಲ್ಲಿನ ಜನರಿಗೆ ಹೊಸದೊಂದು ಕಿರಿಕಿರಿ ಶುರುವಾಯಿತು. ಚಳಿ ಬೀಳುವ ಹೊತ್ತಿಗೆ ಕಂದು ಬಣ್ಣದ, ಗುರಾಣಿಯಂತೆ ಚಪ್ಪಟೆಯಾದ ಹುಳುಗಳು ಮನೆಯೊಳಗೆ ನುಗ್ಗುತ್ತಿದ್ದವು. ಕಿಟಕಿ ಸಂದಿ, ಪರದೆಯ ಮಡಿಕೆ, ಅಟ್ಟ, ಎಲ್ಲೆಂದರಲ್ಲಿ. ಅವು ಕಚ್ಚುವುದಿಲ್ಲ, ಬಟ್ಟೆ ಕತ್ತರಿಸುವುದಿಲ್ಲ. ಆದರೆ ತುಳಿದರೆ ಗಬ್ಬು ನಾತ.

ಜನ ಅಲ್ಲಿನ ಲೀಹೈ ಕೌಂಟಿಯ ಕೃಷಿ ವಿಸ್ತರಣಾ ಕಚೇರಿಗೆ ಹೇಳಿಕೊಂಡರು. ಸುಮಾರಾಗಿ ನಮ್ಮ ರೈತ ಸಂಪರ್ಕ ಕೇಂದ್ರದಂಥ ಜಾಗ ಅದು. 1998ರಿಂದ ದೂರುಗಳು ಬರತೊಡಗಿದವು. ಕಚೇರಿಯಲ್ಲಿದ್ದ ಕೀಟತಜ್ಞೆ ಕರೆನ್ ಬರ್ನ್‌ಹಾರ್ಡ್ ಕೈಗೆ ಹುಳುಗಳೂ ಬಂದವು. ಅಮೆರಿಕದಲ್ಲೇ ಇದೇ ಬಣ್ಣದ, ಇದೇ ಆಕಾರದ ಸ್ಥಳೀಯ ಹುಳುಗಳು ಬೇಕಾದಷ್ಟಿವೆ. ಹಾಗಾಗಿ ಇದೂ ಅವುಗಳಲ್ಲೊಂದು ಇರಬೇಕು ಅನ್ನುವುದು ಮೊದಲ ಊಹೆ. 2001ರಲ್ಲಿ ಮಾದರಿಗಳು ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಹೋದಾಗ ರಿಚರ್ಡ್ ಹೋಬೆಕ್ ಅನ್ನುವ ತಜ್ಞರು ಗುರುತು ಹಿಡಿದರು. ಅದು ಅಮೆರಿಕದ ಹುಳುವೇ ಅಲ್ಲ. ಚೀನಾ, ಜಪಾನ್, ಕೊರಿಯಾ ಕಡೆಯದು. ಹೆಸರು ಹ್ಯಾಲಿಯೊಮಾರ್ಫಾ ಹ್ಯಾಲಿಸ್. ಹಿಂದಕ್ಕೆ ಹುಡುಕಿದಾಗ ಅದು 1996ರಲ್ಲೇ ಆಲೆನ್‌ಟೌನಿನಲ್ಲಿತ್ತು ಅನ್ನುವುದು ತಿಳಿಯಿತು.

ಅಂದರೆ ಬಂದದ್ದು 1996ಕ್ಕೆ ಅಥವಾ ಅದಕ್ಕೂ ಮೊದಲು, ಹೆಸರು ಗೊತ್ತಾದದ್ದು 2001ಕ್ಕೆ, ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾದದ್ದು 2003ಕ್ಕೆ. ಹಣ್ಣಿನ ತೋಟಗಳು ಕೆಟ್ಟದ್ದು 2010ಕ್ಕೆ. ಈ 14 ವರ್ಷಗಳಲ್ಲಿ ಏನಾಯಿತು, ಆಮೇಲೆ ಏನು ಮಾಡಿದರು ಅನ್ನುವುದೇ ಈ ಬರಹ. ಕೀಟದ ಕಥೆಯಾದರೂ ಇದರೊಳಗೆ ಸುದ್ದಿಯ ಕಥೆಯೂ ಇದೆ. ಸುದ್ದಿ ಎಲ್ಲಿಂದ ಬರುತ್ತದೆ, ಯಾರ ಬಾಯಿಂದ ಬಂದರೆ ನಾವು ಕೇಳಿಸಿಕೊಳ್ಳುತ್ತೇವೆ, ಯಾರದ್ದನ್ನು ಬಿಟ್ಟುಬಿಡುತ್ತೇವೆ ಅನ್ನುವುದು.

ಯಾವುದು ಈ ತಿಗಣೆ?

ತಿಗಣೆ ಅಂದರೆ ನಮಗೆ ಹಾಸಿಗೆಯದ್ದೇ ನೆನಪಾಗುತ್ತದೆ. ಆದರೆ ಕೃಷಿಯವರ ಮಾತಿನಲ್ಲಿ ಸೂಜಿಯಂಥ ಬಾಯಿ ಚುಚ್ಚಿ ಗಿಡದ ರಸ ಹೀರುವ ಹಲವು ಹುಳುಗಳೂ ತಿಗಣೆಗಳೇ. ಭತ್ತದ ತೆನೆ ತಿಗಣೆ ಗದ್ದೆ ಇರುವವರಿಗೆಲ್ಲ ಗೊತ್ತು. ಮುಟ್ಟಿದರೆ ನಾತ ಬಿಡುವ, ಗುರಾಣಿ ಬೆನ್ನಿನ ತಿಗಣೆಗಳದ್ದು ಒಂದು ದೊಡ್ಡ ಕುಟುಂಬ. ಇಲ್ಲಿ ಅವನ್ನು ಗಬ್ಬುತಿಗಣೆ ಅನ್ನೋಣ.

ಆಲೆನ್‌ಟೌನಿಗೆ ಬಂದದ್ದು ಸುಮಾರು ಒಂದೂವರೆ ಸೆಂಟಿಮೀಟರ್ ಉದ್ದದ್ದು. ಮೀಸೆಯ ಮೇಲೆ ಬಿಳಿ ಪಟ್ಟೆ ಇದ್ದರೆ ಅದೇ. ಎಲೆಯ ಅಡಿಯಲ್ಲಿ ಒಂದೊಂದು ಗುಂಪಿಗೆ ಸಾಮಾನ್ಯವಾಗಿ 28 ಮೊಟ್ಟೆ ಇಡುತ್ತದೆ. ಮರಿ ಐದು ಬಾರಿ ಪೊರೆ ಕಳಚಿ ರೆಕ್ಕೆ ಬಂದ ಹುಳುವಾಗುತ್ತದೆ. ಚಳಿಗಾಲದಲ್ಲಿ ಒಣಮರದ ತೊಗಟೆಯ ಅಡಿ, ಇಲ್ಲವೇ ಮನೆಯೊಳಗೆ ಸೇರಿ ಏನೂ ತಿನ್ನದೆ ಕಾಲ ಕಳೆದು, ವಸಂತಕ್ಕೆ ಹೊರಬೀಳುತ್ತದೆ. ಇದು ತಿನ್ನುವ ಗಿಡಗಳ ಪಟ್ಟಿಯಲ್ಲಿ 170ಕ್ಕೂ ಹೆಚ್ಚು ಹೆಸರುಗಳಿವೆ. ಸೇಬು, ಪೀಚ್, ಪೇರ್, ಟೊಮೆಟೊ, ದೊಣ್ಣೆ ಮೆಣಸಿನಕಾಯಿ, ಬೀನ್ಸ್, ಸ್ವೀಟ್ ಕಾರ್ನ್, ಸೋಯಾ, ಜೊತೆಗೆ ರಸ್ತೆ ಬದಿಯ ಕಾಡುಮರಗಳು.

ಇದು ಹಣ್ಣನ್ನು ಕಡಿಯುವುದಿಲ್ಲ, ಚುಚ್ಚುತ್ತದೆ. ಚುಚ್ಚಿದ ಜಾಗದಲ್ಲಿ ಸಿಪ್ಪೆ ಕುಳಿ ಬೀಳುತ್ತದೆ, ಒಳಗಿನ ತಿರುಳು ಕಂದಾಗಿ ಬೆಂಡಿನಂತಾಗುತ್ತದೆ. ಸೇಬಿನಲ್ಲಿ ಕೊಯ್ಲಿನ ಹೊತ್ತಿಗೆ ಚೆನ್ನಾಗಿ ಕಂಡ ಹಣ್ಣು ಗೋದಾಮಿನಲ್ಲಿಟ್ಟ ಮೇಲೆ ಕಲೆ ತೋರಿಸುವುದೂ ಉಂಟು. ಅಂಥ ಹಣ್ಣನ್ನು ತಿನ್ನಬಹುದು. ಆದರೆ ಅಂಗಡಿಯವನು ತೆಗೆದುಕೊಳ್ಳುವುದಿಲ್ಲ. ಅದು ರಸ ತೆಗೆಯುವ ಕಾರ್ಖಾನೆಗೆ ಮೂರು ಕಾಸಿಗೆ ಹೋಗುತ್ತದೆ.

ದೀಪದ ಬುಡದ ಲೆಕ್ಕ

ಹೆಸರು ಗೊತ್ತಾದ ಮೇಲೂ ಬಹಳ ದಿನ ಇದನ್ನು ಮನೆಯ ಪೀಡೆ ಅಂತಲೇ ನೋಡಿದರು. ಹುಳು ಬಾರದಂತೆ ಕಿಟಕಿ ಸಂದಿ ಮುಚ್ಚಿ, ನಿರ್ವಾತ ಯಂತ್ರದಲ್ಲಿ ಹೀರಿ ತೆಗೆಯಿರಿ ಅನ್ನುವ ಮಟ್ಟದ ಸಲಹೆಗಳು. ಆದರೆ ಜಪಾನಿನ ಹಣ್ಣು ಬೆಳೆಗಾರರಿಗೆ ಇದು ಹಳೆಯ ವೈರಿ ಅನ್ನುವುದು ಪುಸ್ತಕಗಳಲ್ಲಿ ಇತ್ತು.

ಎಚ್ಚರಿಕೆ ಕೊಟ್ಟವರು ಇರಲಿಲ್ಲ ಅಂತಲ್ಲ. ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯದ ಆನ್ ನೀಲ್ಸನ್ ಮತ್ತು ಜಾರ್ಜ್ ಹ್ಯಾಮಿಲ್ಟನ್ 2006–07ರಲ್ಲೇ ಹಣ್ಣಿನ ಮರಗಳಲ್ಲಿ ಇದನ್ನು ಹಿಂಬಾಲಿಸಿದರು. ಹುಳು ನೆಲೆಯೂರಿದ ಕಡೆ ಮರವೊಂದರ ಶೇ. 25ಕ್ಕೂ ಹೆಚ್ಚು ಹಣ್ಣು ಹಾಳಾಗಿದ್ದನ್ನು ದಾಖಲಿಸಿದರು.

ಇದಕ್ಕಿಂತ ಕುತೂಹಲದ ದಾಖಲೆ ಇನ್ನೊಂದಿದೆ. ನ್ಯೂಜೆರ್ಸಿಯ ತರಕಾರಿ ಹೊಲಗಳಲ್ಲಿ ಬೆಳಕಿನ ಬಲೆಗಳಿದ್ದವು. ಅವನ್ನು ಕಟ್ಟಿದ್ದು ಜೋಳದ ಪತಂಗಗಳನ್ನು ಎಣಿಸಲು. ಆದರೆ ದೀಪಕ್ಕೆ ಆಹ್ವಾನ ಪತ್ರಿಕೆ ಇರುವುದಿಲ್ಲವಲ್ಲ, ಗಬ್ಬುತಿಗಣೆಯೂ ಬಂದು ಬಿತ್ತು. ಅದರ ಲೆಕ್ಕವನ್ನೂ ಬರೆದಿಟ್ಟರು. 2004ರಿಂದ 2011ರವರೆಗಿನ ಲೆಕ್ಕವನ್ನು ಕೂಡಿಸಿ ನೋಡಿದಾಗ ಅದರ ಸಂಖ್ಯೆ ವರ್ಷಕ್ಕೆ ಶೇ. 75ರಂತೆ ಏರಿತ್ತು. ವರ್ಷಕ್ಕೆ ಶೇ. 75 ಅಂದರೆ ಕೇಳಲು ದೊಡ್ಡದೆನಿಸದೇ ಇರಬಹುದು. ಏಳು ವರ್ಷ ಗುಣಿಸಿ ನೋಡಿ, ಐವತ್ತು ಪಟ್ಟು ಆಗುತ್ತದೆ. ಮೊದಲ ವರ್ಷ ಎರಡು ಹುಳು ಬಿದ್ದ ಬಲೆಗೆ ಏಳು ವರ್ಷ ಕಳೆದ ಮೇಲೆ ನೂರು. ಬೆಳೆಗಾರನ ಕಣ್ಣಿಗೆ ಬೀಳುವುದು ಆ ನೂರು ಮಾತ್ರ. ಎರಡು ಇದ್ದದ್ದು ನಾಲ್ಕಾದಾಗ, ನಾಲ್ಕು ಏಳಾದಾಗ ಯಾರಿಗೂ ಸುದ್ದಿಯಲ್ಲ.

2010ರ ಸುಗ್ಗಿ

2010ರ ಬೇಸಿಗೆಯಲ್ಲಿ ಪೆನ್ಸಿಲ್ವೇನಿಯಾ, ಮೇರಿಲ್ಯಾಂಡ್, ವರ್ಜೀನಿಯಾ, ವೆಸ್ಟ್ ವರ್ಜೀನಿಯಾಗಳ ತೋಟಗಳಿಗೆ ಹುಳು ಮುಗಿಬಿತ್ತು. ಆ ಭಾಗದ ಸೇಬು ಬೆಳೆಗಾರರಿಗೆ ಆದ ನಷ್ಟ 3.7 ಕೋಟಿ ಡಾಲರ್. ಕೆಲವು ಪೀಚ್ ತೋಟಗಳಲ್ಲಿ ಶೇ. 90ಕ್ಕೂ ಹೆಚ್ಚು ಹಣ್ಣು ಹೋಯಿತು. ಆ ಚಳಿಗಾಲ ಮನೆಗಳಲ್ಲೂ ಅಷ್ಟೇ. ಮೇರಿಲ್ಯಾಂಡಿನ ವನ್ಯಜೀವಿ ತಜ್ಞರೊಬ್ಬರು 2011ರ ಜನವರಿಯಿಂದ ಜೂನ್‌ವರೆಗೆ ತಮ್ಮ ಮನೆಯೊಳಗೆ ಹಿಡಿದ ಗಬ್ಬುತಿಗಣೆಗಳನ್ನು ಒಂದೊಂದಾಗಿ ಎಣಿಸಿದರು. ಒಟ್ಟು 26,205. ಅದನ್ನೇ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದರು.

ತೋಟದವರು ಏನು ಮಾಡಿದರು? ಯಾರಾದರೂ ಮಾಡುವುದನ್ನೇ ಮಾಡಿದರು, ಸಿಂಪಡಿಸಿದರು. ಕೆಲವರ ಕೀಟನಾಶಕ ಬಳಕೆ ಮುಂದಿನ ವರ್ಷಕ್ಕೆ ಸುಮಾರು ನಾಲ್ಕು ಪಟ್ಟು ಏರಿತು. 2011ರಲ್ಲಿ ಸರ್ಕಾರ ಡೈನೊಟೆಫ್ಯುರಾನ್ ಅನ್ನುವ ಕೀಟನಾಶಕವನ್ನು ಈ ಹಣ್ಣುಗಳಿಗೆ ಬಳಸಲು ತುರ್ತು ಅನುಮತಿ ಕೊಟ್ಟಿತು.

ಆದರೂ ಹುಳು ನಿಲ್ಲಲಿಲ್ಲ. ಅದಕ್ಕೆ ಕಾರಣಗಳಿವೆ. ಒಂದು, ಪೈರಿಥ್ರಾಯ್ಡ್ ಗುಂಪಿನ ಕೆಲವು ಔಷಧಿ ತಗುಲಿದ ತಿಗಣೆ ಬೆನ್ನಡಿಯಾಗಿ ಬಿದ್ದು ಸತ್ತಂತೆ ಕಾಣುತ್ತದೆ. ಕೆಲವು ದಿನಗಳಲ್ಲಿ ಚೇತರಿಸಿಕೊಂಡು ಎದ್ದು ಹೋಗುತ್ತದೆ. ಎರಡು, ಅದರ ಮನೆ ತೋಟವಲ್ಲ, ಪಕ್ಕದ ಕಾಡು. ಅಲ್ಲಿ ಅದರ ತವರಿನದ್ದೇ ಮರವಾದ ಹೆಮ್ಮರ ಬೇವು, ಅಂದರೆ ಐಲಾಂಥಸ್ ಕುಲದ ಚೀನೀ ಮರ, ಮೊದಲೇ ಹಬ್ಬಿತ್ತು. ತೋಟದಲ್ಲಿದ್ದ ಹುಳು ಸತ್ತರೆ ನಾಳೆ ಕಾಡಿನಿಂದ ಇನ್ನೊಂದು ತಂಡ ಬರುತ್ತದೆ. ಮೂರು, ಸಿಂಪರಣೆ ತೋಟದಲ್ಲಿದ್ದ ಒಳ್ಳೆಯ ಹುಳುಗಳನ್ನು ಕೊಂದಿತು. ಅವು ಹದ್ದುಬಸ್ತಿನಲ್ಲಿಟ್ಟಿದ್ದ ನುಸಿ, ಶಲ್ಕ ಕೀಟ, ಸೇಬಿನ ಉಣ್ಣೆ ಹೇನುಗಳು ಮತ್ತೆ ತಲೆ ಎತ್ತಿದವು.

ನಷ್ಟದ ಅಂಕಿಗಿಂತ ನನಗೆ ದೊಡ್ಡದಾಗಿ ಕಾಣುವುದು ಈ ಮೂರನೆಯದು. ಆ ಭಾಗದ ಸೇಬು ಬೆಳೆಗಾರರು ಸಮಗ್ರ ಕೀಟ ನಿರ್ವಹಣೆಗೆ ಬರಲು ದಶಕಗಳೇ ಹಿಡಿದಿದ್ದವು. ಔಷಧಿ ಕಡಿಮೆ ಮಾಡಿ, ಮೋಹಕ ಬಲೆ ನೋಡಿ, ಬೇಕಾದಾಗ ಮಾತ್ರ ಹೊಡೆಯುವುದಕ್ಕೆ ಒಗ್ಗಿಕೊಂಡಿದ್ದರು. ಒಂದೇ ಹುಳು ಎರಡೇ ವರ್ಷದಲ್ಲಿ ಅವರನ್ನು ಕ್ಯಾಲೆಂಡರ್ ನೋಡಿ ವಾರಕ್ಕೊಮ್ಮೆ ಟ್ಯಾಂಕ್ ತುಂಬಿಸುವ ಕಾಲಕ್ಕೆ ವಾಪಸು ಕಳಿಸಿತು.

ಹತ್ತು ಎಣಿಸುವವರೆಗೆ

ವೆಸ್ಟ್ ವರ್ಜೀನಿಯಾದ ಕಿಯರ್ನಿಸ್‌ವಿಲ್‌ನಲ್ಲಿ ಅಮೆರಿಕ ಕೃಷಿ ಇಲಾಖೆಯ ಹಣ್ಣು ಸಂಶೋಧನಾ ಕೇಂದ್ರವಿದೆ. ಅಲ್ಲಿನ ಟ್ರೇಸಿ ಲೆಸ್ಕಿ ನೇತೃತ್ವದಲ್ಲಿ 2011ರಿಂದ ಹಲವು ವಿಶ್ವವಿದ್ಯಾಲಯಗಳು ಸೇರಿ ಕೆಲಸಕ್ಕಿಳಿದವು. ಅವರ ಮುಂದಿದ್ದ ಮೊದಲ ಪ್ರಶ್ನೆ ಹುಳುವನ್ನು ಕೊಲ್ಲುವುದು ಹೇಗೆ ಅನ್ನುವುದಕ್ಕಿಂತ ಸರಳವಾಗಿತ್ತು. ತೋಟಕ್ಕೆ ಹುಳು ಬಂದಿದೆಯೋ ಇಲ್ಲವೋ, ಬಂದಿದ್ದರೆ ಎಷ್ಟು ಅಂತ ತಿಳಿಯುವುದು ಹೇಗೆ?

ಕೊಂಬೆ ಕೆಳಗೆ ಬಟ್ಟೆ ಹಿಡಿದು ಬಡಿದು ಬಿದ್ದದ್ದನ್ನು ಎಣಿಸುವುದು ಹಳೆಯ ಕ್ರಮ. ಮರದ ತುದಿಯಲ್ಲಿ ಕೂತ, ನೆರಳು ಕಂಡರೆ ಎಲೆಯ ಹಿಂದೆ ಸರಿಯುವ ಹುಳುವಿಗೆ ಅದು ಸಾಲದು. ಬಲೆ ಬೇಕು, ಬಲೆಗೆ ವಾಸನೆ ಬೇಕು. ಮೊದಲು ಕೈಗೆ ಸಿಕ್ಕಿದ್ದು ಜಪಾನಿನವರು ಬೇರೊಂದು ಗಬ್ಬುತಿಗಣೆಯಿಂದ 1996ರಲ್ಲಿ ಗುರುತಿಸಿದ್ದ ಮೋಹಕ ವಸ್ತು. ಅದಕ್ಕೆ ಈ ಹುಳುವೂ ಬರುತ್ತಿತ್ತು, ಆದರೆ ಮುಖ್ಯವಾಗಿ ಬೇಸಿಗೆಯ ಕೊನೆಯಲ್ಲಿ. ಅಷ್ಟರೊಳಗೆ ಹಣ್ಣಿಗೆ ಆಗುವುದು ಆಗಿರುತ್ತಿತ್ತು. ಈ ಹುಳುವಿನ ಗಂಡು ತನ್ನವರನ್ನು ಕರೆಯಲು ಬಿಡುವ ಸ್ವಂತ ವಾಸನೆಯನ್ನು ಅಶೋತ್ ಖ್ರಿಮಿಯಾನ್ ಮತ್ತು ಸಂಗಡಿಗರು ಬಿಡಿಸಿ 2014ರಲ್ಲಿ ಪ್ರಕಟಿಸಿದರು. ಎರಡೂ ವಾಸನೆಗಳನ್ನು ಜೊತೆಗಿಟ್ಟರೆ ಋತುವಿಡೀ ಹುಳು ಬಲೆಗೆ ಬರುತ್ತದೆ ಅನ್ನುವುದು ಖಚಿತವಾಯಿತು.

ಬಲೆ ಅಂದರೆ ನಾಲ್ಕು ಅಡಿ ಎತ್ತರದ ಕಪ್ಪು ಪಿರಮಿಡ್, ಮೇಲೊಂದು ಡಬ್ಬಿ. ಮರದ ಕಾಂಡ ಅಂದುಕೊಂಡು ಹುಳು ಹತ್ತುತ್ತದೆ. ಆಮೇಲೆ ಅದೂ ಬೇಡವಾಯಿತು. ಕಂಬಕ್ಕೆ ಕಟ್ಟಿದ ಪಾರದರ್ಶಕ ಅಂಟು ಹಾಳೆಯೇ ಸಾಕು ಅನ್ನುವಲ್ಲಿಗೆ ಬಂದರು. ಅಗ್ಗ, ಹಗುರ.

ನಿಯಮ ಹೀಗೆ. ಬಲೆಯನ್ನು ವಾರವಾರ ನೋಡಬೇಕು, ಬಿದ್ದದ್ದನ್ನು ಕೂಡಿಸುತ್ತ ಹೋಗಬೇಕು. ಒಂದು ಬಲೆಯ ಲೆಕ್ಕ 10 ದೊಡ್ಡ ಹುಳು ತಲುಪಿದಾಗ ಮಾತ್ರ ಸಾಲು ಬಿಟ್ಟು ಸಾಲಿನಂತೆ ಎರಡು ಬಾರಿ ಸಿಂಪಡಿಸಬೇಕು. ಆಮೇಲೆ ಲೆಕ್ಕ ಮತ್ತೆ ಸೊನ್ನೆಯಿಂದ. ಸೇಬು ತೋಟಗಳಲ್ಲಿ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಬೆಳೆಗಾರರ ರೂಢಿಯ ಸಿಂಪರಣೆಗೆ ಹೋಲಿಸಿದರೆ ಸಿಂಪರಣೆ ಶೇ. 40ರಷ್ಟು ಕಡಿಮೆಯಾಯಿತು. ಹಣ್ಣಿನ ಹಾನಿ ಮಾತ್ರ ಹೆಚ್ಚಾಗಲಿಲ್ಲ. ಪೀಚ್ ತೋಟಗಳಲ್ಲಿ ರಟ್ಗರ್ಸ್‌ನವರು ಅಂಚಿನ ಸಾಲುಗಳಿಗೆ ಮಾತ್ರ ಸಿಂಪಡಿಸುವ ಕ್ರಮ ಮಾಡಿದರು. ಹುಳು ಕಾಡಿನ ಕಡೆಯಿಂದ ಬಂದು ಮೊದಲು ಅಂಚಿನಲ್ಲೇ ಕೂರುತ್ತದೆ ಅನ್ನುವ ಗಮನಿಕೆಯ ಮೇಲೆ ನಿಂತ ಉಪಾಯವದು.

ಎಲ್ಲ ಉಪಾಯಗಳೂ ಫಲಿಸಲಿಲ್ಲ, ಅದನ್ನೂ ಹೇಳಬೇಕು. ಹಿತ್ತಲ ತೋಟದಲ್ಲಿ ಟೊಮೆಟೊ ಪಕ್ಕ ಬಲೆ ಇಟ್ಟವರ ಟೊಮೆಟೊ ಇನ್ನಷ್ಟು ಹಾಳಾಯಿತು. ವಾಸನೆಗೆ ಬಂದ ಹುಳುಗಳೆಲ್ಲ ಬಲೆಗೆ ಬೀಳುವುದಿಲ್ಲ, ಅರ್ಧ ದಾರಿಯಲ್ಲಿ ಸಿಕ್ಕಿದ ಹಣ್ಣಿಗೆ ಕೂರುತ್ತವೆ. ದೊಣ್ಣೆ ಮೆಣಸಿನಕಾಯಿಯ ಸುತ್ತ ಸೂರ್ಯಕಾಂತಿ, ಜೋಳ ಬೆಳೆದು ನೋಡಿದರು. ಹುಳು ಅಲ್ಲಿಗೆ ಹೆಚ್ಚು ಬಂದದ್ದು ನಿಜ. ಆದರೆ ಮೆಣಸಿನಕಾಯಿ ಪ್ರತಿ ಸಲವೂ ಉಳಿಯಲಿಲ್ಲ. ಬಲೆ ಇರುವುದು ಹುಳು ಮುಗಿಸಲಿಕ್ಕಲ್ಲ, ಎಣಿಸಲಿಕ್ಕೆ. ಈ ವ್ಯತ್ಯಾಸ ತಿಳಿಯದೆ ಬಲೆ ಮಾರುವವರೂ ಕೊಳ್ಳುವವರೂ ಎಲ್ಲ ಕಡೆ ಇದ್ದಾರೆ.

ಕರೆಯದೆ ಬಂದ ಕಣಜ

ಈ ತಿಗಣೆಗೆ ತವರಿನಲ್ಲಿ ಒಬ್ಬ ವೈರಿ ಇದೆ. ಎಳ್ಳಿಗಿಂತ ಚಿಕ್ಕದಾದ ಕಪ್ಪು ಕಣಜ, ಟ್ರಿಸೋಲ್ಕಸ್ ಜಪಾನಿಕಸ್. ಅಮೆರಿಕದವರು ಪ್ರೀತಿಯಿಂದ ಸಮುರಾಯ್ ಕಣಜ ಅನ್ನುತ್ತಾರೆ. ಇದು ತಿಗಣೆಯ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುತ್ತದೆ. ತಿಗಣೆ ಮರಿ ಹೊರಬರುವ ಜಾಗದಲ್ಲಿ ಕಣಜ ಹೊರಬರುತ್ತದೆ. ಮನುಷ್ಯರಿಗೆ ಕುಟುಕುವುದಿಲ್ಲ.

2010ರ ಮೊದಲೇ ಅಮೆರಿಕದ ಕೃಷಿ ಇಲಾಖೆ ಈ ಕಣಜವನ್ನು ಏಷ್ಯಾದಿಂದ ತರಿಸಿ ಡೆಲವೇರ್ ರಾಜ್ಯದ ನ್ಯೂಆರ್ಕ್‌ನ ಪ್ರಯೋಗಾಲಯದಲ್ಲಿ ಮುಚ್ಚಿಟ್ಟು ಪರೀಕ್ಷಿಸುತ್ತಿತ್ತು. ಹೊರಗೆ ಬಿಟ್ಟರೆ ಇದು ಸ್ಥಳೀಯ ಗಬ್ಬುತಿಗಣೆಗಳ ಮೊಟ್ಟೆಗೂ ಬಾಯಿ ಹಾಕುತ್ತದೆಯೋ ಅನ್ನುವುದು ಪ್ರಶ್ನೆ. ಸ್ಥಳೀಯ ಗಬ್ಬುತಿಗಣೆಗಳಲ್ಲಿ ಕೆಲವು ರೈತನ ಮಿತ್ರರು, ಕಂಬಳಿ ಹುಳು ತಿಂದು ಬದುಕುವಂಥವು. ಆತುರ ಮಾಡುವಂತಿರಲಿಲ್ಲ. ವರ್ಷಗಟ್ಟಲೆ ಪರೀಕ್ಷೆ ನಡೆಯಿತು.

2014ರಲ್ಲಿ ಮೇರಿಲ್ಯಾಂಡಿನ ಬೆಲ್ಟ್ಸ್‌ವಿಲ್‌ನಲ್ಲಿ ಅದೇ ಕಣಜ ಬಯಲಿನಲ್ಲಿ ಸಿಕ್ಕಿತು. ಪ್ರಯೋಗಾಲಯದಿಂದ ತಪ್ಪಿಸಿಕೊಂಡದ್ದು ಅಂದುಕೊಳ್ಳಬಹುದಿತ್ತು. ಆನುವಂಶಿಕ ಪರೀಕ್ಷೆ ಮಾಡಿದರೆ ಅಲ್ಲ, ಬೇರೆ ತಳಿ. ಮನುಷ್ಯರು ಅರ್ಜಿ ಬರೆಯುತ್ತಿದ್ದಾಗ ಅದು ತಾನಾಗಿ ಸಮುದ್ರ ದಾಟಿ ಬಂದು ನೆಲೆಯೂರಿತ್ತು. 2015ರಲ್ಲಿ ದೇಶದ ಇನ್ನೊಂದು ತುದಿಯ ವಾಷಿಂಗ್ಟನ್ ರಾಜ್ಯದಲ್ಲೂ ಕಂಡಿತು. ಆಮೇಲೆ ಹಲವು ರಾಜ್ಯಗಳು ಅದನ್ನು ಸಾಕಿ ತೋಟದ ಸುತ್ತ ಬಿಡತೊಡಗಿದವು.

ಅಷ್ಟರಲ್ಲಿ ತಿಗಣೆ ಯುರೋಪಿಗೂ ಹೋಗಿತ್ತು. ಇಟಲಿಯ ಮೊಡೆನಾದಲ್ಲಿ 2012ರಲ್ಲಿ ಕಾಣಿಸಿಕೊಂಡು, 2019ರ ಒಂದೇ ವರ್ಷ ಉತ್ತರ ಇಟಲಿಯ ಹಣ್ಣು ಬೆಳೆಗೆ 50 ಕೋಟಿ ಯೂರೋಗೂ ಹೆಚ್ಚು ನಷ್ಟ ಮಾಡಿತು. 2020ರಲ್ಲಿ ಇಟಲಿ ಕಣಜ ಬಿಡಲು ಶುರುಮಾಡಿತು.

ಎಲ್ಲರಿಗಿಂತ ಬೇರೆ ದಾರಿ ಹಿಡಿದದ್ದು ನ್ಯೂಜಿಲೆಂಡ್. ಅಲ್ಲಿ ತಿಗಣೆ ಇನ್ನೂ ನೆಲೆಯೂರಿರಲಿಲ್ಲ. 2018ರ ಫೆಬ್ರವರಿಯಲ್ಲಿ ಜಪಾನಿನಿಂದ ಕಾರು ತುಂಬಿ ಬಂದ ಹಡಗುಗಳಲ್ಲಿ ಹುಳು ಸಿಕ್ಕಾಗ ಕಾರು ಇಳಿಸಲು ಬಿಡದೆ ಹಡಗುಗಳನ್ನೇ ವಾಪಸು ಕಳಿಸಿದರು. ಅದೇ ವರ್ಷ, ಮುಂದೆಂದಾದರೂ ತಿಗಣೆ ಬಂದರೆ ಸಮುರಾಯ್ ಕಣಜ ಬಿಡಬಹುದು ಅಂತ ಮೊದಲೇ ಅನುಮತಿ ಕೊಟ್ಟಿಟ್ಟುಕೊಂಡರು. ಆಲೆನ್‌ಟೌನಿನ 14 ವರ್ಷಗಳಿಂದ ಪಾಠ ಕಲಿತ ದೇಶ ಅದು.

ನಮ್ಮ ಅಡಿಕೆ ಮರದ ಬುಡದಲ್ಲಿ

ದೂರದ ಸೇಬಿನ ಕಥೆ ನಮಗೇಕೆ ಅಂದರೆ, ಇದೇ ಕುಲದ ಗಬ್ಬುತಿಗಣೆ ನಮ್ಮಲ್ಲೂ ಇದೆ. ಕರಾವಳಿ, ಮಲೆನಾಡಿನ ಅಡಿಕೆ ತೋಟಗಳಲ್ಲಿ ಎಳೆಕಾಯಿ ಉದುರಿಸುವ ಹ್ಯಾಲಿಯೊಮಾರ್ಫಾ ಅದು. ಆಮದಾದದ್ದಲ್ಲ, ಇಲ್ಲಿಯದೇ. ಎಳೆ ಅಡಿಕೆಗೆ ಸೂಜಿ ಬಾಯಿ ಚುಚ್ಚಿ ರಸ ಹೀರುತ್ತದೆ, ಕಾಯಿ ಉದುರುತ್ತದೆ. ಎಳೆಕಾಯಿ ಉದುರಲು ನೀರಿನ ಕೊರತೆಯಿಂದ ಹಿಡಿದು ಹಿಂಗಾರ ಒಣಗುವ ರೋಗದವರೆಗೆ ಹತ್ತು ಕಾರಣಗಳಿರುತ್ತವೆ. ಹಾಗಾಗಿ ಮರದಡಿ ನಿಂತವರಿಗೆ ಇದು ಹುಳುವಿನ ಕೆಲಸ ಅಂತ ಹೊಳೆಯುವುದು ಕಷ್ಟ. ಕಾರಣ ಗೊತ್ತಾಗದೆ ಒಂದಕ್ಕೊಂದು ಔಷಧಿ ಹೊಡೆದರೆ ದುಡ್ಡು ಹೋಗುವುದು ಬೆಳೆಗಾರನದು, ಮೂಗಿಗೆ ಹೋಗುವುದು ಮರ ಹತ್ತಿದವನದು.

ಹೊರಗಿನಿಂದ ಬಂದ ಕೀಟದ ಅನುಭವವೂ ನಮಗಿದೆ. 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡ ಪಪ್ಪಾಯ ಹಿಟ್ಟು ತಿಗಣೆ ಬೇಗನೆ ನಮ್ಮ ಕಡೆಗೂ ಹಬ್ಬಿ ಪಪ್ಪಾಯ, ಹಿಪ್ಪುನೇರಳೆ ತೋಟಗಳನ್ನು ಬಿಳಿಯಾಗಿಸಿತು. ಮೈಮೇಲೆ ಮೇಣದ ಹೊದಿಕೆ ಇರುವ ಅದಕ್ಕೆ ಸಿಂಪರಣೆ ತಾಗುತ್ತಿರಲಿಲ್ಲ. 2010ರಲ್ಲಿ ಬೆಂಗಳೂರಿನ ಕೃಷಿ ಕೀಟಗಳ ರಾಷ್ಟ್ರೀಯ ಸಂಸ್ಥೆ ಪೋರ್ಟೊರಿಕೊದಿಂದ ಪರಾವಲಂಬಿ ಕಣಜ ತರಿಸಿ ಬಿಟ್ಟಿತು. ಪೀಡೆ ಹತೋಟಿಗೆ ಬಂತು. ಕಂಡದ್ದಕ್ಕೂ ಕಣಜ ಬಿಟ್ಟದ್ದಕ್ಕೂ ಎರಡೇ ವರ್ಷದ ಅಂತರ.

ಆಲೆನ್‌ಟೌನಿನಲ್ಲಿ ಮೊದಲೇ ಎಚ್ಚೆತ್ತಿದ್ದರೆ ಹುಳು ನಿರ್ಮೂಲ ಆಗುತ್ತಿತ್ತು ಅಂತ ನಾನು ಹೇಳಲಾರೆ. ಎಲ್ಲೆಡೆ ತಿನ್ನಲು ಸಿಗುವ, ಹಾರಬಲ್ಲ ಹುಳು ಅದು. ಆದರೆ ಬಲೆ, ವಾಸನೆ, ಹತ್ತರ ನಿಯಮ, ಇವೆಲ್ಲ 2010ಕ್ಕೆ ಮೊದಲೇ ಸಿದ್ಧವಿರಬಹುದಿತ್ತು. ಬೆಳೆಗಾರರು ಕುರುಡಾಗಿ ಸಿಂಪಡಿಸುವ ವರ್ಷಗಳು ಬರುತ್ತಿರಲಿಲ್ಲ. ಮೊದಲ ಸುದ್ದಿ ಬಂದದ್ದು ತೋಟದಿಂದಲ್ಲ, ಮನೆಯ ಪರದೆ ಕೊಡವಿದವರಿಂದ. ಅದು ಕೃಷಿ ಸುದ್ದಿ ಅಂತ ಯಾರಿಗೂ ಅನ್ನಿಸಲಿಲ್ಲ.

ತಾಲ್ಲೂಕು, ಜಿಲ್ಲಾ ಮಟ್ಟದಲ್ಲಿ ವರದಿ ಮಾಡುವ ನಮ್ಮ ಕೈಗೂ ಇಂಥ ಮಾತುಗಳು ಬರುತ್ತಲೇ ಇರುತ್ತವೆ. "ಈ ಸಲ ಒಂದು ಹೊಸ ಹುಳು ಮಾರ್ರೆ" ಅಂತ ಯಾರೋ ಅಂದಿರುತ್ತಾರೆ. ನಷ್ಟದ ಅಂಕಿ ಇಲ್ಲದ್ದರಿಂದ ಅದು ಸುದ್ದಿಯಾಗುವುದಿಲ್ಲ, ಅಂಕಿ ಸಿಗುವ ಹೊತ್ತಿಗೆ ಅದು ಪರಿಹಾರದ ಬೇಡಿಕೆಯ ಸುದ್ದಿಯಾಗಿರುತ್ತದೆ. ನಡುವಿನ ಕೆಲಸ ದೊಡ್ಡದೇನಲ್ಲ. ಹುಳುವನ್ನು ಡಬ್ಬಿಯಲ್ಲಿ ಹಾಕಿ, ಊರು ತಾರೀಕು ಬರೆದು, ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಮುಟ್ಟಿಸುವುದು. ಹೆಸರು ಕೇಳಿ ತಿಳಿದುಕೊಂಡು, ಮುಂದಿನ ವರ್ಷವೂ ಅದೇ ತೋಟಕ್ಕೆ ಹೋಗಿ ಎಷ್ಟಿದೆ ಅಂತ ನೋಡುವುದು. ಅಡಿಕೆ ತೋಟದಲ್ಲಾದರೆ ಉದುರಿದ ಎಳೆಕಾಯಿ ಎತ್ತಿಕೊಂಡು ನೋಡಿ. ಸೂಜಿಮೊನೆಯಷ್ಟು ಕಪ್ಪು ಚುಕ್ಕೆ ಇದ್ದರೆ ಅಂಥ ಕಾಯಿ ಎಷ್ಟು ಬಿದ್ದಿವೆ ಅಂತ ಎಣಿಸಿ ಬರೆದಿಡಿ. ಔಷಧಿಯ ಮಾತು ಆಮೇಲೆ.